ಸಣ್ಣ ಮೀನುಗಾರಿಕೆ ಬೋಟಿಗೆ ವಿಎಚ್‌ಎಫ್ ಸೆಟ್: ಆರಿಸುವುದು, ಕೂರಿಸುವುದು, ಟೆಸ್ಟ್ ಮಾಡುವುದು

ವಿಎಚ್‌ಎಫ್ ಸೆಟ್ ಅಂದರೆ ಕಡಲಿನಲ್ಲಿ ಬೋಟಿನಿಂದ ಬೋಟಿಗೆ, ದಡಕ್ಕೆ ಮಾತಾಡುವ ರೇಡಿಯೊ. ಆಗಸ್ಟ್ ಬಂತೆಂದರೆ ಒಂದೇ ದೂರು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. "ಸೆಟ್ ಹೊಸದು. ಬೇರೆಯವರು ಮಾತಾಡಿದ್ದು ನಮಗೆ ಚೆನ್ನಾಗಿ ಕೇಳ್ತದೆ. ನಾವು ಮಾತಾಡಿದ್ರೆ ಯಾರೂ ಉತ್ತರ ಕೊಡುವುದಿಲ್ಲ." ಹೆಚ್ಚಿನವರು ಸೆಟ್ ಕೆಟ್ಟಿದೆ ಅಂತ ಬಿಚ್ಚಿ ಅಂಗಡಿಗೆ ತರುತ್ತಾರೆ. ಅಂಗಡಿಯ ಮೇಜಿನ ಮೇಲೆ ಅದೇ ಸೆಟ್ ಸರಿಯಾಗಿ ಕೆಲಸ ಮಾಡುತ್ತದೆ. ತಪ್ಪು ಬೋಟಿನಲ್ಲೇ ಉಳಿದಿರುತ್ತದೆ: ಸಪೂರ ವಯರು, ಅರೆಬರೆ ಬೆಸುಗೆಯ ಪ್ಲಗ್, ಕಬ್ಬಿಣದ ಕಂಬದ ಮರೆಯಲ್ಲಿ ನಿಂತ ಆಂಟೆನಾ.

ಕೈಯಲ್ಲಿರುವ ದುಡ್ಡನ್ನೆಲ್ಲ ಸೆಟ್ಟಿಗೆ ಸುರಿದು ಕೇಬಲ್, ಆಂಟೆನಾ, ವಯರು ಬಂದಾಗ ಅಗ್ಗದ್ದು ಹುಡುಕುವುದೇ ಮೊದಲ ತಪ್ಪು. ಸಾಧಾರಣ ಸೆಟ್ ಇದ್ದರೂ ಪರವಾಗಿಲ್ಲ, ಉಳಿದದ್ದು ಗಟ್ಟಿಯಾಗಿರಲಿ.

25ರಿಂದ 40 ಅಡಿಯ ಫೈಬರ್ ಅಥವಾ ಮರದ ಬೋಟನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ನಾಡದೋಣಿಯವರಿಗೆ ಬೇಕಾದ್ದನ್ನು ಅಲ್ಲಲ್ಲೇ ಹೇಳಿದ್ದೇನೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದ ಸಮಯ ಈ ಕೆಲಸಕ್ಕೆ ಒಳ್ಳೆಯದು. ಬೋಟ್ ಕಟ್ಟಿರುತ್ತದೆ, ಕೈಯಲ್ಲಿ ಸಮಯ ಇರುತ್ತದೆ. ಕಡಲಿಗೆ ಇಳಿಯುವ ಹಿಂದಿನ ಸಂಜೆ ಗಡಿಬಿಡಿಯಲ್ಲಿ ಮಾಡಿದ ಫಿಟ್ಟಿಂಗ್ ಉಳಿದದ್ದನ್ನು ನಾನು ನೋಡಿಲ್ಲ.

ಮೊದಲು ಸಾಮಾನು ಕೂಡಿಸಿಕೊಳ್ಳಿ

ಮಲ್ಟಿಮೀಟರ್, 100 ವ್ಯಾಟಿನ ಸೋಲ್ಡರಿಂಗ್ ಐರನ್ (ಮೊಬೈಲ್ ರಿಪೇರಿಯ 25 ವ್ಯಾಟಿನದು ಸಾಲದು), ಸೋಲ್ಡರ್ ಲೆಡ್, ಚೂಪಾದ ಚಾಕು, ಕ್ರಿಂಪಿಂಗ್ ಇಕ್ಕಳ, ಡ್ರಿಲ್, ಸ್ಟೇನ್‌ಲೆಸ್ ಸ್ಕ್ರೂ ಮತ್ತು ಬೋಲ್ಟು, ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್, ಮಾಮೂಲಿ ಕಪ್ಪು ಟೇಪ್, ಕೇಬಲ್ ಟೈ. ಇವುಗಳ ಜೊತೆ ಒಂದು ಎಸ್‌ಡಬ್ಲ್ಯುಆರ್ ಮೀಟರ್. ಆಂಟೆನಾಕ್ಕೆ ಕಳಿಸಿದ ಶಕ್ತಿಯಲ್ಲಿ ಎಷ್ಟು ವಾಪಸ್ ಬರುತ್ತಿದೆ ಎಂದು ಇದು ತೋರಿಸುತ್ತದೆ. ಕೊಳ್ಳಲೇಬೇಕೆಂದಿಲ್ಲ, ಒಂದು ದಿನಕ್ಕೆ ಯಾರಿಂದಲಾದರೂ ಕೇಳಿ ತನ್ನಿ. ಆದರೆ ಅದು 150 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಅಳೆಯುವ ಮೀಟರೇ ಆಗಿರಬೇಕು. 27 ಮೆಗಾಹರ್ಟ್ಸಿನ ಸಿಬಿ ರೇಡಿಯೊ ಮೀಟರ್ ಇಲ್ಲಿ ಸುಳ್ಳು ಲೆಕ್ಕ ತೋರಿಸುತ್ತದೆ.

ಹಂತ 1: ನಿಮ್ಮ ದೋಣಿಗೆ ಯಾವ ಸೆಟ್?

ಬ್ಯಾಟರಿಯೇ ಇಲ್ಲದ, ಹಗ್ಗ ಎಳೆದು ಸ್ಟಾರ್ಟ್ ಮಾಡುವ ಔಟ್‌ಬೋರ್ಡ್ ಎಂಜಿನಿನ ನಾಡದೋಣಿಗೆ ಕೈಯಲ್ಲಿ ಹಿಡಿಯುವ ಸೆಟ್ಟೇ ಸರಿ. ಇದರ ಶಕ್ತಿ 5ರಿಂದ 6 ವ್ಯಾಟ್. ನೀರಲ್ಲಿ ಬಿದ್ದರೆ ತೇಲುವಂಥದ್ದನ್ನೇ ಕೇಳಿ. ಐಪಿಎಕ್ಸ್7 ಎಂದು ಬರೆದಿರಬೇಕು. ಅಂದರೆ 1 ಮೀಟರ್ ನೀರಲ್ಲಿ ಅರ್ಧ ಗಂಟೆ ಇದ್ದರೂ ಒಳಗೆ ನೀರು ಹೋಗಬಾರದು. ಅದನ್ನು ಲೈಫ್ ಜಾಕೆಟ್ಟಿಗೆ ಕಟ್ಟಿಕೊಳ್ಳಿ, ದೋಣಿಗೆ ಕಟ್ಟಬೇಡಿ. ದೋಣಿ ಮಗುಚಿದರೆ ಸೆಟ್ ನಿಮ್ಮ ಜೊತೆ ಇರಬೇಕು, ಅಲ್ವಾ?

ಕ್ಯಾಬಿನ್ ಮತ್ತು ಬ್ಯಾಟರಿ ಇರುವ ಬೋಟಿಗೆ 25 ವ್ಯಾಟಿನ ಫಿಕ್ಸೆಡ್ ಸೆಟ್ ಬೇಕು. ಅದರಲ್ಲಿ ನೋಡಬೇಕಾದ್ದು ಮೂರು. ಒಂದು, ಡಿಎಸ್‌ಸಿ: ಅಪಾಯದ ಕರೆಯನ್ನು ತಾನಾಗಿ ಕಳಿಸುವ ಸೌಲಭ್ಯ. ಮುಚ್ಚಳದ ಕೆಳಗೆ ಕೆಂಪು ಬಟನ್ ಇರುತ್ತದೆ. ಒತ್ತಿ ಹಿಡಿದರೆ ಬೋಟಿನ ಗುರುತು ಮತ್ತು ಇರುವ ಜಾಗ ಚಾನೆಲ್ 70ರಲ್ಲಿ ತಾನಾಗಿ ಹೋಗುತ್ತದೆ. ಎರಡು, ಒಳಗೇ ಜಿಪಿಎಸ್ ಇರುವುದು. ಹೊರಗಿನ ಜಿಪಿಎಸ್‌ನಿಂದ ಡೇಟಾ ವಯರು ಎಳೆದು ಜೋಡಿಸಬಹುದು, ಆದರೆ ಹೆಚ್ಚಿನ ಬೋಟುಗಳಲ್ಲಿ ಆ ವಯರು ಜೋಡಿಸದೇ ಉಳಿದುಬಿಡುತ್ತದೆ. ಜಾಗ ಗೊತ್ತಿಲ್ಲದೆ ಹೋದ ಕರೆಯಿಂದ ಹುಡುಕುವವರಿಗೆ ಅರ್ಧ ಮಾತ್ರ ಉಪಯೋಗ. ಮೂರು, ನೀರು ತಡೆಯುವ ಗುಣ.

ಎಷ್ಟು ದೂರ ಕೇಳುತ್ತದೆ ಅನ್ನುವುದರ ಬಗ್ಗೆ ಅಂಗಡಿಯ ಮಾತು ನಂಬಬೇಡಿ. ವಿಎಚ್‌ಎಫ್ ಹೆಚ್ಚುಕಡಿಮೆ ಕಣ್ಣಿಗೆ ಕಂಡಷ್ಟೇ ದೂರ ಹೋಗುತ್ತದೆ. ಆದ್ದರಿಂದ ವ್ಯಾಟಿಗಿಂತ ಎತ್ತರ ಮುಖ್ಯ. ಆಂಟೆನಾದ ತುದಿ ನೀರಿನಿಂದ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲವನ್ನು 2.2ರಿಂದ ಗುಣಿಸಿ. ಅಷ್ಟು ನಾಟಿಕಲ್ ಮೈಲಿ. ಎದುರಿನವರದ್ದನ್ನೂ ಹೀಗೇ ಲೆಕ್ಕ ಹಾಕಿ ಕೂಡಿಸಿ. 5 ಮೀಟರ್ ಎತ್ತರದ ಆಂಟೆನಾ ಇರುವ ಎರಡು ಬೋಟುಗಳ ನಡುವೆ ಸುಮಾರು 10 ಮೈಲಿ. ಕುಳಿತು ಕೈಸೆಟ್ ಹಿಡಿದ ಎರಡು ನಾಡದೋಣಿಗಳ ನಡುವೆ 5ರಿಂದ 6 ಮೈಲಿ. ದಡದಲ್ಲಿ 50 ಮೀಟರ್ ಎತ್ತರದ ಆಂಟೆನಾ ಇದ್ದರೆ ನಿಮ್ಮ 5 ಮೀಟರಿನ ಬೋಟಿಗೆ 20 ಮೈಲಿ ಚಿಲ್ಲರೆ.

ಹಾಗಾಗಿ ವಾರಗಟ್ಟಲೆ ಆಳಸಮುದ್ರಕ್ಕೆ ಹೋಗುವವರು ವಿಎಚ್‌ಎಫ್ ಒಂದನ್ನೇ ನಂಬಿ ಕೂರಬಾರದು. ಉಪಗ್ರಹದ ಮೂಲಕ ಕೆಲಸ ಮಾಡುವ ಟ್ರಾನ್ಸ್‌ಪಾಂಡರ್ ಅಥವಾ ಇಸ್ರೋ ರೂಪಿಸಿದ, ತುರ್ತು ಸಂದೇಶ ಕಳಿಸುವ ಡ್ಯಾಟ್ ಉಪಕರಣವೂ ಬೋಟಿನಲ್ಲಿರಲಿ. 2024ರಲ್ಲಿ ಬಂದ ಎರಡನೇ ತಲೆಮಾರಿನ ಡ್ಯಾಟ್‌ನಲ್ಲಿ, ಕಳಿಸಿದ ತುರ್ತು ಸಂದೇಶ ತಲುಪಿದೆ ಎಂಬ ಉತ್ತರವೂ ವಾಪಸ್ ಬರುತ್ತದೆ. ಹತ್ತಿರದ ಬೋಟನ್ನು ಕೂಡಲೇ ಕರೆಯಲು ವಿಎಚ್‌ಎಫ್, ದೂರದ ದಡಕ್ಕೆ ತಿಳಿಸಲು ಉಪಗ್ರಹ. ಒಂದಿದ್ದರೆ ಇನ್ನೊಂದು ಬೇಡ ಅನ್ನುವಂತಿಲ್ಲ.

ಹಂತ 2: ಕಾಗದಪತ್ರ

ಸಮುದ್ರದ ರೇಡಿಯೊ ಇಟ್ಟುಕೊಳ್ಳಲು ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಲೈಸೆನ್ಸ್ ಬೇಕು. ಅರ್ಜಿ ಸರಳ್ ಸಂಚಾರ್ ಪೋರ್ಟಲಿನಲ್ಲಿ. ಸೆಟ್ಟಿಗೆ ಅದೇ ವಿಭಾಗದ ಅನುಮೋದನೆ ಇದೆಯೇ ಎಂದು ದುಡ್ಡು ಕೊಡುವ ಮೊದಲೇ ಕೇಳಿ, ಬಿಲ್ಲಿನಲ್ಲಿ ಮಾಡೆಲ್ ನಂಬರ್ ಬರೆಸಿಕೊಳ್ಳಿ. ಆನ್‌ಲೈನಲ್ಲಿ ಸಿಗುವ ಅಗ್ಗದ ವಾಕಿಟಾಕಿ ಸಮುದ್ರದ ಸೆಟ್ ಅಲ್ಲ. ಅದಕ್ಕೆ ಉಪ್ಪುನೀರು ತಡೆಯುವ ಶಕ್ತಿ ಇಲ್ಲ, ಡಿಎಸ್‌ಸಿ ಇಲ್ಲ. ತಪ್ಪಿ ಬೇರೆ ಇಲಾಖೆಯ ಫ್ರೀಕ್ವೆನ್ಸಿಯಲ್ಲಿ ಮಾತಾಡಿದರೆ ಕೇಸೂ ಬೀಳಬಹುದು.

ಡಿಎಸ್‌ಸಿ ಕೆಲಸ ಮಾಡಲು ಎಂಎಂಎಸ್‌ಐ ಎಂಬ 9 ಅಂಕಿಯ ನಂಬರ್ ಬೇಕು. ಭಾರತದ ಬೋಟುಗಳ ನಂಬರ್ 419ರಿಂದ ಶುರುವಾಗುತ್ತದೆ. ಇಲ್ಲೊಂದು ಎಚ್ಚರಿಕೆ. ಹೆಚ್ಚಿನ ಸೆಟ್‌ಗಳು ಈ ನಂಬರನ್ನು ಒಂದೋ ಎರಡೋ ಸಲ ಮಾತ್ರ ಹಾಕಲು ಬಿಡುತ್ತವೆ, ಆಮೇಲೆ ಲಾಕ್. ಸುಮ್ನೆ ನೋಡೋಣ ಅಂತ ಬಾಯಿಗೆ ಬಂದ ನಂಬರ್ ಹಾಕಿದರೆ ಸೆಟ್ಟನ್ನು ಕಂಪನಿಗೇ ಕಳಿಸಬೇಕಾಗುತ್ತದೆ. ನಂಬರ್ ಕೈಗೆ ಬರುವವರೆಗೆ ಆ ಮೆನು ಮುಟ್ಟಬೇಡಿ. ನಂಬರ್ ಹಾಕದ ಸೆಟ್ಟಿನಲ್ಲಿ ಕೆಂಪು ಬಟನ್ ಒತ್ತಿದರೂ ಏನೂ ಹೋಗುವುದಿಲ್ಲ ಎನ್ನುವುದು ಬೋಟಿನಲ್ಲಿರುವ ಎಲ್ಲರಿಗೂ ಗೊತ್ತಿರಲಿ.

ಹಂತ 3: ಆಂಟೆನಾದ ಜಾಗ ಮೊದಲು, ಸೆಟ್ಟಿನ ಜಾಗ ಆಮೇಲೆ

ಎಲ್ಲರೂ ಉಲ್ಟಾ ಮಾಡುತ್ತಾರೆ. ಸೆಟ್ಟನ್ನು ಚೆಂದದ ಜಾಗದಲ್ಲಿ ಕೂರಿಸಿ, ಆಮೇಲೆ ಕೇಬಲ್ ಎಲ್ಲಿಗೆ ಮುಟ್ಟುತ್ತದೋ ಅಲ್ಲಿ ಆಂಟೆನಾ ನಿಲ್ಲಿಸುತ್ತಾರೆ. ಆಂಟೆನಾಕ್ಕೆ ಬೋಟಿನ ಅತಿ ಒಳ್ಳೆಯ ಜಾಗ ಸಿಗಬೇಕು. ಸಾಮಾನ್ಯವಾಗಿ ಅದು ಕ್ಯಾಬಿನ್ ಮಾಡಿನ ಮೇಲೆ, ಬಲೆ ಎಳೆಯುವ ಬದಿಗೆ ಎದುರು ಬದಿಯಲ್ಲಿರುತ್ತದೆ. ಬಲೆ ಎಳೆಯುವ ಬದಿಯಲ್ಲಿಟ್ಟರೆ ಒಂದಲ್ಲ ಒಂದು ದಿನ ಹಗ್ಗ ಸಿಕ್ಕಿ ಮುರಿಯುತ್ತದೆ.

ನಾಲ್ಕು ಸುತ್ತಲೂ ತೆರೆದಿರಬೇಕು. ಕಬ್ಬಿಣದ ಕಂಬ, ವಯರ್ ರೋಪ್, ಹೊಗೆಕೊಳವೆ ಪಕ್ಕದಲ್ಲೇ ಇದ್ದರೆ ಆ ದಿಕ್ಕಿಗೆ ಮಾತು ಮಂಕಾಗುತ್ತದೆ. ಜಿಪಿಎಸ್ ಆಂಟೆನಾ ಮತ್ತು ಇನ್ನೊಂದು ವಿಎಚ್‌ಎಫ್ ಆಂಟೆನಾದಿಂದ ಕನಿಷ್ಠ 1 ಮೀಟರ್ ದೂರ ಬಿಡಿ. ನೆಟ್ಟಗೆ ನಿಲ್ಲಿಸಿ. ನೋಡಲು ಚೆಂದ ಅಂತ ಹಿಂದಕ್ಕೆ ವಾಲಿಸುವವರಿದ್ದಾರೆ, ಹಾಗೆ ಮಾಡಿದರೆ ದೂರ ಕಡಿಮೆಯಾಗುತ್ತದೆ.

ಆಂಟೆನಾ ಕೊಳ್ಳುವಾಗ "6 ಡಿಬಿ, 9 ಡಿಬಿ, ಜಾಸ್ತಿ ಇದ್ದಷ್ಟು ಒಳ್ಳೆಯದು" ಎಂದು ಹೇಳುತ್ತಾರೆ. ಡಿಬಿ ಅಂದರೆ ಆಂಟೆನಾ ಸಿಗ್ನಲನ್ನು ಒಂದೆಡೆಗೆ ಎಷ್ಟು ಕೂಡಿಸುತ್ತದೆ ಎಂಬ ಅಳತೆ. ಸಣ್ಣ ಬೋಟಿಗೆ ಇದು ತಪ್ಪು ಸಲಹೆ. ಡಿಬಿ ಹೆಚ್ಚಿದಷ್ಟೂ ಸಿಗ್ನಲ್ ಅಡ್ಡಡ್ಡ ತೆಳ್ಳಗಾಗಿ ಹೋಗುತ್ತದೆ, ದೋಸೆ ತೆಳ್ಳಗಾದಷ್ಟು ಅಗಲವಾಗುವ ಹಾಗೆ. ಬೋಟ್ ಅಲೆಗೆ ಹೊರಳಿದಾಗ ಆ ತೆಳು ಸಿಗ್ನಲ್ ಒಮ್ಮೆ ಆಕಾಶಕ್ಕೆ, ಒಮ್ಮೆ ನೀರಿಗೆ ಹೋಗಿ ಮಾತು ಕಡಿಕಡಿದು ಕೇಳುತ್ತದೆ. ಜಾಸ್ತಿ ಹೊರಳುವ ಸಣ್ಣ ಬೋಟಿಗೆ 1 ಮೀಟರ್ ಉದ್ದದ 3 ಡಿಬಿ ಆಂಟೆನಾ ಸಾಕು. 35 ಅಡಿ ದಾಟಿದ, ಭಾರದ ಬೋಟಿಗೆ 2.4 ಮೀಟರಿನ 6 ಡಿಬಿ ಹಾಕಬಹುದು. 9 ಡಿಬಿ ಬೇಡವೇ ಬೇಡ.

ಬುಡಕ್ಕೆ ಮಡಚುವ ಸ್ಟೇನ್‌ಲೆಸ್ ಮೌಂಟ್ ಹಾಕಿ. ಬಂದರಿನಲ್ಲಿ ಬೋಟಿಗೆ ಬೋಟ್ ತಾಗಿ ನಿಲ್ಲುತ್ತವೆ, ಪಕ್ಕದ ಬೋಟಿನ ಕಂಬ ತಾಗಿ ಮುರಿದ ಆಂಟೆನಾಗಳಿಗೆ ಲೆಕ್ಕವಿಲ್ಲ. ಧಕ್ಕೆಗೆ (ಬೋಟ್ ನಿಲ್ಲಿಸುವ ಕಟ್ಟೆಗೆ) ಬರುವಾಗ ಮಡಚಿ, ಹೊರಡುವಾಗ ಎತ್ತಿ. ಮೌಂಟಿನ ಕೆಳಗೆ ಮಾಡಿನ ಒಳಬದಿಯಿಂದ ಒಂದು ಮರದ ತುಂಡು ಅಥವಾ ಪ್ಲೇಟ್ ಕೊಟ್ಟು ಬೋಲ್ಟ್ ಬಿಗಿಯಿರಿ. ಬರೀ ಸ್ಕ್ರೂ ಹಾಕಿದರೆ ಫೈಬರ್ ಸೀಳುತ್ತದೆ.

ಹಂತ 4: ಕೇಬಲ್ ಮತ್ತು ಪ್ಲಗ್

ನೂರಕ್ಕೆ ನೂರು ಗಮನ ಬೇಕಾದ ಹಂತ ಇದು.

ಆಂಟೆನಾ ಕೇಬಲಿನಲ್ಲಿ ಮೂರು ಜಾತಿ ಸಿಗುತ್ತದೆ. ಸಪೂರದ್ದು ಆರ್‌ಜಿ-58, ನಡುವಿನದು ಆರ್‌ಜಿ-8ಎಕ್ಸ್, ದಪ್ಪದ್ದು ಆರ್‌ಜಿ-213. ನೀವು ಸೆಟ್ಟಿನಿಂದ 25 ವ್ಯಾಟ್ ಬಿಟ್ಟರೂ ಕೇಬಲ್ ಒಳಗೇ ಒಂದಷ್ಟು ತಿಂದುಬಿಡುತ್ತದೆ. 10 ಮೀಟರ್ ಉದ್ದಕ್ಕೆ ಆರ್‌ಜಿ-58ರಲ್ಲಿ ಆಂಟೆನಾ ತಲುಪುವುದು ಸುಮಾರು 16 ವ್ಯಾಟ್. ಆರ್‌ಜಿ-213ರಲ್ಲಿ ಸುಮಾರು 20. ನನ್ನ ಸಲಹೆ: 5 ಮೀಟರಿನೊಳಗೆ ಮುಗಿದರೆ ಆರ್‌ಜಿ-8ಎಕ್ಸ್, ಅದಕ್ಕಿಂತ ಉದ್ದವಾದರೆ ಆರ್‌ಜಿ-213. ಟಿವಿ ಡಿಶ್‌ಗೆ ಹಾಕುವ ಬಿಳಿ ಕೇಬಲ್ ಮಾತ್ರ ಹಾಕಬೇಡಿ. ಅದು 75 ಓಮ್, ನಮಗೆ ಬೇಕಾದ್ದು 50 ಓಮ್. ನೋಡಲು ಎರಡೂ ಒಂದೇ ಥರ ಇರುವುದರಿಂದ ಈ ತಪ್ಪು ತುಂಬಾ ಆಗುತ್ತದೆ. ಕೇಬಲಿನ ಮೇಲೆ ಅಚ್ಚಾದ ಅಕ್ಷರ ಓದಿಯೇ ತೆಗೆದುಕೊಳ್ಳಿ.

ಈಗ ಪ್ಲಗ್. ಇದಕ್ಕೆ ಪಿಎಲ್-259 ಎನ್ನುತ್ತಾರೆ. ಹೀಗೆ ಮಾಡಿ:

1. ಪ್ಲಗ್ಗಿನ ಹೊರ ಉಂಗುರವನ್ನು ಮೊದಲೇ ಕೇಬಲಿಗೆ ತೂರಿಸಿ. ಬೆಸುಗೆ ಎಲ್ಲ ಮುಗಿಸಿದ ಮೇಲೆ ಉಂಗುರ ಮೇಜಿನ ಮೇಲೆಯೇ ಉಳಿದಿರುವುದನ್ನು ನೋಡಿ ಮತ್ತೆ ಕತ್ತರಿಸುವುದು ಎಲ್ಲರಿಗೂ ಆಗುವಂಥದ್ದೇ. ಸಪೂರ ಕೇಬಲ್ ಆದರೆ ಅದಕ್ಕೆ ತಕ್ಕ ಅಡಾಪ್ಟರನ್ನೂ ಈಗಲೇ ತೂರಿಸಿ.

2. ಪ್ಲಗ್ಗನ್ನು ಕೇಬಲಿನ ಪಕ್ಕ ಹಿಡಿದು ಅಳತೆ ಗುರುತು ಮಾಡಿ. ಹೊರ ಸಿಪ್ಪೆ ಸುಲಿಯಿರಿ. ಒಳಗಿನ ತಾಮ್ರದ ಹೆಣಿಗೆಗೆ ಚಾಕು ತಾಗಬಾರದು.

3. ತಾಮ್ರದ ಬಣ್ಣ ನೋಡಿ. ಕೆಂಪಗೆ ಹೊಳೆಯುತ್ತಿದ್ದರೆ ಅಥವಾ ತವರ ಲೇಪಿಸಿ ಬೆಳ್ಳಿ ಬಣ್ಣ ಇದ್ದರೆ ಸರಿ. ಕಪ್ಪಾಗಿದ್ದರೆ ನೀರು ಕುಡಿದ ಕೇಬಲ್, ಬೆಸುಗೆ ಹಿಡಿಯುವುದಿಲ್ಲ. ಒಂದು ಗೇಣು ಕತ್ತರಿಸಿ ಮತ್ತೆ ನೋಡಿ. ಅಲ್ಲೂ ಕಪ್ಪಿದ್ದರೆ ಇಡೀ ಕೇಬಲ್ ಬದಲಿಸಿ.

4. ಹೆಣಿಗೆಯನ್ನು ಬೇಕಾದಷ್ಟು ಬಿಟ್ಟು ಕತ್ತರಿಸಿ, ನಡುವಿನ ತಂತಿಯ ಮೇಲಿನ ಬಿಳಿ ಪ್ಲಾಸ್ಟಿಕ್ ತೆಗೆಯಿರಿ. ಎರಡಕ್ಕೂ ತೆಳುವಾಗಿ ಸೋಲ್ಡರ್ ಹಿಡಿಸಿ. ಹೆಣಿಗೆಯ ಒಂದೇ ಒಂದು ಎಳೆ ನಡುವಿನ ತಂತಿಗೆ ತಾಗಿದರೂ ಶಾರ್ಟ್.

5. ಪ್ಲಗ್ ತಿರುಗಿಸಿ ಕೂರಿಸಿ. ಪಕ್ಕದ ಸಣ್ಣ ತೂತುಗಳ ಮೂಲಕ ಹೆಣಿಗೆಗೆ, ತುದಿಯಲ್ಲಿ ನಡುವಿನ ತಂತಿಗೆ ಬೆಸುಗೆ ಹಾಕಿ. ಐರನ್ ಚೆನ್ನಾಗಿ ಕಾದಿರಲಿ, ಬೇಗ ಮುಗಿಸಿ. ತಣ್ಣಗಿನ ಐರನ್ನನ್ನು ಬಹಳ ಹೊತ್ತು ಒತ್ತಿದರೆ ಒಳಗಿನ ಪ್ಲಾಸ್ಟಿಕ್ ಕರಗಿ ಶಾರ್ಟ್ ಆಗುತ್ತದೆ. ಸೋಲ್ಡರ್ ಹೊಳೆಯುತ್ತಾ ಹರಡಿದರೆ ಹಿಡಿದಿದೆ. ಮಂಕಾಗಿ ಮುದ್ದೆಯಾಗಿ ಕೂತರೆ ಹಿಡಿದಿಲ್ಲ.

6. ಆಂಟೆನಾ ಜೋಡಿಸುವ ಮೊದಲು ಮಲ್ಟಿಮೀಟರ್ ಇಡಿ. ನಡುವಿನ ಪಿನ್ನಿಗೂ ಹೊರ ಮೈಗೂ ಸಂಪರ್ಕ ಇರಬಾರದು. ಆ ತುದಿಯಲ್ಲಿ ಎರಡನ್ನೂ ಒಂದು ತಂತಿಯಿಂದ ತಾಗಿಸಿದರೆ ಈ ತುದಿಯಲ್ಲಿ ಬೀಪ್ ಬರಬೇಕು. ಆಂಟೆನಾ ಜೋಡಿಸಿದ ಮೇಲೆ ಈ ಪರೀಕ್ಷೆ ಮಾಡಿ ಗಾಬರಿಯಾಗಬೇಡಿ. ಕೆಲವು ಆಂಟೆನಾಗಳು ರಚನೆಯಿಂದಲೇ ಶಾರ್ಟ್ ತೋರಿಸುತ್ತವೆ.

ಹೊರಗಿನ ಪ್ಲಗ್ಗಿಗೆ ನೀರು ಹೋಗದಂತೆ ಮುಚ್ಚುವುದು ಬೆಸುಗೆಯಷ್ಟೇ ದೊಡ್ಡ ಕೆಲಸ. ಬೋಟ್ ನಡೆಸುವ ಒಬ್ಬ ತಂಡೇಲರು ಎರಡು ಸೀಸನಿನಲ್ಲಿ ಎರಡು ಸೆಟ್ ಬದಲಿಸಿದ್ದರು. ಮೂರನೆಯ ಸಲ ನಾನು ಮಾಡಿನ ಮೇಲೆ ಹತ್ತಿ ಆಂಟೆನಾ ಬುಡದ ಪ್ಲಗ್ ಬಿಚ್ಚಿದೆ. ಒಳಗಿಂದ ನಾಲ್ಕು ಹನಿ ನೀರು ಅಂಗೈಗೆ ಬಿತ್ತು. ನಾಲಿಗೆಗೆ ಮುಟ್ಟಿಸಿ ನೋಡಿದರೆ ಉಪ್ಪು. ತಾಮ್ರದ ಹೆಣಿಗೆ ಬೆರಳಿಗೆ ತಾಗಿದ್ದೇ ಹಸಿರು ಪುಡಿಯಾಗಿ ಉದುರಿತು. ಟೇಪ್ ಸುತ್ತಿತ್ತು, ಆದರೆ ಮೇಲಿನಿಂದ ಕೆಳಕ್ಕೆ. ಮಳೆನೀರು ಟೇಪಿನ ಪದರದೊಳಗೆ ಇಳಿಯಲು ಮೆಟ್ಟಿಲು ಕಟ್ಟಿಕೊಟ್ಟಂತೆ ಆಗಿತ್ತು.

ಟೇಪ್ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಸುತ್ತಿ, ಹಂಚಿನ ಮಾಡಿನ ಹಾಗೆ ಮೇಲಿನ ಪದರ ಕೆಳಗಿನದರ ಮೇಲೆ ಬರಬೇಕು. ರಬ್ಬರ್ ಟೇಪನ್ನು ಎರಡರಷ್ಟು ಉದ್ದಕ್ಕೆ ಎಳೆಯುತ್ತಾ ಸುತ್ತಿದರೆ ಅದು ಒಂದೇ ತುಂಡಾಗಿ ಕೂಡಿಕೊಳ್ಳುತ್ತದೆ. ಅದರ ಮೇಲೆ ಬಿಸಿಲಿಗೆ ಕಪ್ಪು ಟೇಪ್. ಹುಳಿ ವಾಸನೆ ಬರುವ ಸಿಲಿಕೋನ್ ಅಂಟು ಹಚ್ಚಬೇಡಿ, ಅದರ ಆಮ್ಲವೇ ತಾಮ್ರ ತಿನ್ನುತ್ತದೆ.

ಕೇಬಲ್ ಎಳೆಯುವಾಗ ಅಂಗೈ ಅಗಲಕ್ಕಿಂತ ಬಿಗಿಯಾಗಿ ಮಡಚಬೇಡಿ. ಕ್ಯಾಬಿನ್ ಒಳಗೆ ಹೋಗುವ ತೂತಿನ ಹೊರಗೆ ಕೇಬಲ್ ಸ್ವಲ್ಪ ಜೋತು ಬೀಳಲಿ. ನೀರು ಅಲ್ಲಿಂದ ಕೆಳಗೆ ತೊಟ್ಟಿಕ್ಕುತ್ತದೆ, ಒಳಗೆ ಬರುವುದಿಲ್ಲ. ನಡುವೆ ಜಾಯಿಂಟ್ ಬೇಡ.

ಹಂತ 5: ಸೆಟ್ ಕೂರಿಸುವುದು

ಸ್ಟೇರಿಂಗ್ ಬಿಡದೆ ಮೈಕ್ ಕೈಗೆ ಸಿಗಬೇಕು. ನೀರೆರಚಲು, ನೇರ ಬಿಸಿಲು ಬೀಳಬಾರದು. ಹಿಂದೆ ನಾಲ್ಕು ಬೆರಳು ಜಾಗ ಬಿಡಿ. ಅಲ್ಲಿ ಬಿಸಿ ಹೊರಹೋಗಬೇಕು, ಕೇಬಲ್ ಮಡಚದೆ ಕೂರಬೇಕು.

ದಿಕ್ಸೂಚಿಯಿಂದ ಕನಿಷ್ಠ 1 ಮೀಟರ್ ದೂರ ಇರಲಿ. ಸೆಟ್ಟಿನ ಸ್ಪೀಕರಿನಲ್ಲೂ ಮೈಕಿನಲ್ಲೂ ಅಯಸ್ಕಾಂತ ಇರುತ್ತದೆ. ತೂತು ಕೊರೆಯುವ ಮೊದಲು ಸೆಟ್ಟನ್ನು ಆ ಜಾಗದಲ್ಲಿ ಕೈಯಲ್ಲೇ ಹಿಡಿದು ದಿಕ್ಸೂಚಿಯ ಮುಳ್ಳು ನೋಡಿ. ಅಲುಗಿದರೆ ಜಾಗ ಬದಲಿಸಿ. ಮೈಕ್ ನೇತುಹಾಕುವ ಜಾಗವನ್ನೂ ಹೀಗೇ ನೋಡಬೇಕು, ಇದನ್ನು ಎಲ್ಲರೂ ಮರೆಯುತ್ತಾರೆ.

ಹಂತ 6: ಬ್ಯಾಟರಿಯಿಂದ ಸೆಟ್ಟಿಗೆ

"ಕೇಳುತ್ತದೆ, ಮಾತಾಡಿದರೆ ಹೋಗುವುದಿಲ್ಲ" ಎಂಬ ದೂರಿಗೆ ಹೆಚ್ಚಿನ ಸಲ ಕಾರಣ ಇಲ್ಲೇ ಸಿಗುತ್ತದೆ. ಕೇಳಿಸಿಕೊಳ್ಳುವಾಗ ಸೆಟ್ಟಿಗೆ ಅರ್ಧ ಆಂಪಿಯರ್ ಆಸುಪಾಸು ಸಾಕು. ಮೈಕ್ ಒತ್ತಿದ ಕೂಡಲೇ 5ರಿಂದ 6 ಆಂಪಿಯರ್ ಬೇಕು. ಸಪೂರ ವಯರಿನಲ್ಲಿ ಅಷ್ಟು ಕರೆಂಟ್ ಹರಿದರೆ ದಾರಿಯಲ್ಲೇ ವೋಲ್ಟೇಜ್ ಬಿದ್ದುಹೋಗುತ್ತದೆ.

ಲೆಕ್ಕ ನೋಡಿ. ಬ್ಯಾಟರಿ 5 ಮೀಟರ್ ದೂರ ಇದೆ ಎಂದುಕೊಳ್ಳಿ. ಹೋಗಿ ಬರುವ ವಯರು 10 ಮೀಟರ್. 1 ಸ್ಕ್ವೇರ್ ಎಂಎಂ ವಯರಿನಲ್ಲಿ ಸುಮಾರು 1 ವೋಲ್ಟ್ ಹೋಗುತ್ತದೆ. 2.5ರಲ್ಲಿ 0.4. 4ರಲ್ಲಿ 0.25. ಹೆಚ್ಚಿನ ಸೆಟ್‌ಗಳಿಗೆ 11.7 ವೋಲ್ಟಿಗಿಂತ ಕೆಳಗೆ ಸರಿಯಾದ ಶಕ್ತಿ ಬರುವುದಿಲ್ಲ. ಎಂಜಿನ್ ನಿಂತು, ಬ್ಯಾಟರಿ 12.4 ತೋರಿಸುವಾಗ 1 ವೋಲ್ಟ್ ಕಳೆದುಕೊಂಡರೆ ಉಳಿಯುವುದೇನು? ರೇಡಿಯೊ ಪ್ರಾಣ ಉಳಿಸಬೇಕಾಗುವುದು ಎಂಜಿನ್ ನಿಂತಾಗಲೇ. ಆದ್ದರಿಂದ 3 ಮೀಟರಿನೊಳಗೆ 2.5, ಅದಕ್ಕಿಂತ ದೂರಕ್ಕೆ 4 ಸ್ಕ್ವೇರ್ ಎಂಎಂ. ತವರ ಲೇಪಿಸಿದ ವಯರು ಸಿಕ್ಕಿದರೆ ಅದನ್ನೇ ಹಾಕಿ.

ವಯರನ್ನು ನೇರ ಬ್ಯಾಟರಿಯಿಂದ ತನ್ನಿ. ಬಲ್ಬಿನ ಲೈನಿನಿಂದ ಕವಲು ತೆಗೆಯಬೇಡಿ. ಫ್ಯೂಸನ್ನು ಪ್ಲಸ್ ವಯರಿನಲ್ಲಿ, ಬ್ಯಾಟರಿಯಿಂದ ಒಂದು ಗೇಣಿನೊಳಗೆ ಹಾಕಿ. ಸೆಟ್ಟಿನ ಹತ್ತಿರ ಹಾಕಿದರೆ ನಡುವಿನ ವಯರು ಉಜ್ಜಿ ಶಾರ್ಟ್ ಆದಾಗ ಬೆಂಕಿ ತಡೆಯುವವರು ಯಾರೂ ಇಲ್ಲ. ಫ್ಯೂಸ್ ಎಷ್ಟರದ್ದು ಎಂದು ಕೈಪಿಡಿಯಲ್ಲಿರುತ್ತದೆ, ಸಾಮಾನ್ಯವಾಗಿ 7ರಿಂದ 10 ಆಂಪಿಯರ್. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ದೊಡ್ಡದು ಹಾಕಬೇಡಿ, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಲೇಬೇಡಿ. ಶಾರ್ಟ್ ಎಲ್ಲಿದೆ ಹುಡುಕಿ.

24 ವೋಲ್ಟಿನ ಬೋಟಿನಲ್ಲಿ ಇನ್ನೊಂದು ಅಭ್ಯಾಸ ಇದೆ. ಎರಡು ಬ್ಯಾಟರಿಗಳಲ್ಲಿ ಒಂದರಿಂದ ಮಾತ್ರ 12 ವೋಲ್ಟ್ ತೆಗೆಯುವುದು. ಹೀಗೆ ಮಾಡಿದರೆ ಆ ಬ್ಯಾಟರಿ ಸದಾ ಅರೆಹೊಟ್ಟೆ, ಇನ್ನೊಂದು ಸದಾ ಅತಿಯಾಗಿ ಚಾರ್ಜ್. ಕೆಲವೇ ತಿಂಗಳಲ್ಲಿ ಎರಡೂ ಹಾಳು. 24ರಿಂದ 12ಕ್ಕೆ ಇಳಿಸುವ 10 ಆಂಪಿಯರಿನ ಕನ್ವರ್ಟರ್ ಹಾಕಿ.

ಸಾಧ್ಯವಾದರೆ ರೇಡಿಯೊಗೆ ಬೇರೆಯೇ ಒಂದು ಸಣ್ಣ ಬ್ಯಾಟರಿ ಇರಲಿ, ಅದು ಎತ್ತರದಲ್ಲಿರಲಿ. ಬೋಟಿಗೆ ನೀರು ನುಗ್ಗಿದರೆ ಮೊದಲು ಮುಳುಗುವುದು ಎಂಜಿನ್ ರೂಮಿನ ತಳದ ಬ್ಯಾಟರಿ. 12 ವೋಲ್ಟ್ 20 ಆಂಪಿಯರ್-ಅವರ್ ಬ್ಯಾಟರಿ 12 ಗಂಟೆ ಕೇಳುವುದಕ್ಕೂ ಒಟ್ಟು ಅರ್ಧ ಗಂಟೆ ಮಾತಾಡುವುದಕ್ಕೂ ಸಾಕು. ಕ್ಯಾಬಿನ್ ಇರುವ ನಾಡದೋಣಿಯವರು ಇಂಥದ್ದೊಂದನ್ನು ಮನೆಯಲ್ಲಿ ಚಾರ್ಜ್ ಮಾಡಿ ಫಿಕ್ಸೆಡ್ ಸೆಟ್ ಕೂಡ ಓಡಿಸಬಹುದು.

ಹಂತ 7: ಟೆಸ್ಟ್, ಇದೇ ಕ್ರಮದಲ್ಲಿ

ಆಂಟೆನಾ ಜೋಡಿಸದೆ ಮೈಕ್ ಒತ್ತಬೇಡಿ. ಹೊರಹೋಗದ ಶಕ್ತಿ ವಾಪಸ್ ಬಂದು ಸೆಟ್ಟಿನ ಔಟ್‌ಪುಟ್ ಸುಡಬಹುದು.

ಮೊದಲು ಎಂಜಿನ್ ಆಫ್ ಮಾಡಿ. ಸೆಟ್ಟಿನ ಹಿಂದೆ, ವಯರು ಸೇರುವಲ್ಲಿ ಮಲ್ಟಿಮೀಟರ್ ಹಿಡಿದು ಒಬ್ಬರು ಮೈಕ್ ಒತ್ತಲಿ. ಅರ್ಧ ವೋಲ್ಟಿಗಿಂತ ಜಾಸ್ತಿ ಬಿದ್ದರೆ ಹಂತ 6ಕ್ಕೆ ವಾಪಸ್ ಹೋಗಿ.

ಆಮೇಲೆ ಎಸ್‌ಡಬ್ಲ್ಯುಆರ್ ಮೀಟರನ್ನು ಸೆಟ್ಟಿಗೂ ಕೇಬಲಿಗೂ ನಡುವೆ ಜೋಡಿಸಿ, 1 ವ್ಯಾಟಿನಲ್ಲಿ, ಖಾಲಿ ಇರುವ ಚಾನೆಲಿನಲ್ಲಿ ನೋಡಿ. ತುರ್ತು ಕರೆಯ ಚಾನೆಲ್ 16ರಲ್ಲಿ ಬೇಡ. 1.5ರೊಳಗೆ ಬಂದರೆ ಚೆನ್ನ. 2ರವರೆಗೆ ನಡೆಯುತ್ತದೆ. 3 ದಾಟಿದರೆ ಮೈಕ್ ಬಿಡಿ, ಪ್ಲಗ್ ಮತ್ತೆ ಬಿಚ್ಚಿ ನೋಡಿ. ಬಂದ ಅಂಕಿಯನ್ನು ತಾರೀಖಿನ ಜೊತೆ ಕ್ಯಾಬಿನ್ ಗೋಡೆಯಲ್ಲಿ ಬರೆದಿಡಿ. ಮುಂದಿನ ವರ್ಷ ಹೋಲಿಸಲು ಬೇಕು.

ಮೂರನೆಯದು ಗದ್ದಲ. ಸ್ಕ್ವೆಲ್ಚ್ (ಖಾಲಿ ಚಾನೆಲಿನ ಸದ್ದು ಅಡಗಿಸುವ ಗುಂಡಿ) ಪೂರ್ತಿ ತೆರೆದು ಶರ್ ಎನ್ನುವ ಸದ್ದು ಕೇಳುತ್ತಾ ಎಲ್ಇಡಿ ದೀಪ, ಫ್ಯಾನ್, ಚಾರ್ಜರ್ ಒಂದೊಂದಾಗಿ ಹಾಕಿ. ಯಾವುದಕ್ಕೆ ಸದ್ದಿನ ಸ್ವರ ಬದಲಾಗುತ್ತದೋ ಅದೇ ಕಳ್ಳ. ಅಗ್ಗದ ಎಲ್ಇಡಿ ಡ್ರೈವರ್‌ಗಳು ದೂರದ ಸಣ್ಣ ಸಿಗ್ನಲನ್ನು ಪೂರ್ತಿ ನುಂಗುತ್ತವೆ. ದೀಪ ಬದಲಿಸಿ ಅಥವಾ ಅದರ ವಯರನ್ನು ಆಂಟೆನಾ ಕೇಬಲಿನಿಂದ ದೂರ ಎಳೆಯಿರಿ.

ಕೊನೆಗೆ ಮಾತು. ಪಕ್ಕದ ಬೋಟಿನ ಜೊತೆ ಮಾತಾಡಿ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಅಷ್ಟು ಹತ್ತಿರಕ್ಕೆ ಆಂಟೆನಾ ಮುರಿದಿದ್ದರೂ ಕೇಳುತ್ತದೆ. 4–5 ಮೈಲಿ ದೂರದ ಬೋಟನ್ನು ಮೊದಲೇ ಗೊತ್ತುಮಾಡಿಕೊಂಡ ಚಾನೆಲಿನಲ್ಲಿ ಕರೆಯಿರಿ. ಬೋಟನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸುತ್ತಾ ಮಾತಾಡಿ. ಒಂದು ದಿಕ್ಕಿನಲ್ಲಿ ಮಾತ್ರ ಮಂಕಾದರೆ ಆ ಬದಿಯಲ್ಲಿ ಆಂಟೆನಾಕ್ಕೆ ಏನೋ ಅಡ್ಡ ಇದೆ. ಕೆಂಪು ಬಟನ್ ಒತ್ತಿ ಟೆಸ್ಟ್ ಮಾಡಬೇಡಿ. ಕೈತಪ್ಪಿ ಹೋದರೆ ಸೆಟ್ ಆಫ್ ಮಾಡಿ ಸುಮ್ಮನಿರಬೇಡಿ. ಚಾನೆಲ್ 16ರಲ್ಲಿ ಬೋಟಿನ ಹೆಸರು ಹೇಳಿ, ತಪ್ಪಿ ಹೋಗಿದೆ, ಅಪಾಯವಿಲ್ಲ ಎಂದು ತಿಳಿಸಿ.

ಹಂತ 8: ಸೆಟ್ಟಿಂಗ್ ಮತ್ತು ಗೋಡೆಯ ಚೀಟಿ

ಮೆನುವಿನಲ್ಲಿ ಇಂಟರ್‌ನ್ಯಾಷನಲ್, ಯುಎಸ್‌ಎ, ಕೆನಡಾ ಎಂಬ ಮೂರು ಪಟ್ಟಿ ಇರುತ್ತದೆ. ನಮಗೆ ಬೇಕಾದ್ದು ಇಂಟರ್‌ನ್ಯಾಷನಲ್. ಯುಎಸ್‌ಎಯಲ್ಲಿ ಬಿಟ್ಟರೆ ಕೆಲವು ಚಾನೆಲ್‌ಗಳು ಒಂದೇ ನಂಬರ್ ತೋರಿಸಿದರೂ ಬೇರೆ ಫ್ರೀಕ್ವೆನ್ಸಿಗೆ ಹೋಗುತ್ತವೆ. ಸ್ಕ್ವೆಲ್ಚನ್ನು ಶರ್ ಸದ್ದು ನಿಲ್ಲುವಲ್ಲಿಗೆ ತಂದು, ಕೂದಲೆಳೆಯಷ್ಟೇ ಮುಂದೆ ತಿರುಗಿಸಿ. ನಿದ್ದೆಗೆ ತೊಂದರೆ ಅಂತ ಪೂರ್ತಿ ಬಿಗಿದರೆ ದೂರದಿಂದ ಕೂಗುವವರ ದನಿ ನಿಮಗೆ ಕೇಳುವುದೇ ಇಲ್ಲ. ಚಾನೆಲ್ 16 ಸದಾ ಕಿವಿಯಲ್ಲಿರಲಿ, ಅಲ್ಲಿ ಮೀನಿನ ರೇಟು, ಊರ ಮಾತು ಬೇಡ.

ಸೆಟ್ಟಿನ ಪಕ್ಕ ಒಂದು ಚೀಟಿ ಲ್ಯಾಮಿನೇಟ್ ಮಾಡಿ ಅಂಟಿಸಿ. ತಂಡೇಲರಿಗೇ ಏನಾದರೂ ಆದರೆ ಬೋಟಿನಲ್ಲಿ ಕೆಲಸ ಮಾಡುವ ಕಲಾಸಿ ಅದನ್ನು ನೋಡಿ ಓದುವಂತಿರಬೇಕು. ಬರೆಯಬೇಕಾದ್ದು: ಮುಚ್ಚಳ ಎತ್ತಿ ಕೆಂಪು ಬಟನ್ 5 ಸೆಕೆಂಡ್ ಒತ್ತಿ ಹಿಡಿ. ಚಾನೆಲ್ 16, 25 ವ್ಯಾಟ್. "ಮೇಡೇ, ಮೇಡೇ, ಮೇಡೇ." ಬೋಟಿನ ಹೆಸರು ಮೂರು ಸಲ, ನೋಂದಣಿ ನಂಬರ್. ಜಿಪಿಎಸ್ ನೋಡಿ ಜಾಗ. ಏನಾಗಿದೆ. ಎಷ್ಟು ಜನ. ಮೈಕ್ ಬಿಟ್ಟು ಕೇಳು. ಕೆಳಗೆ ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093. ಮೊಬೈಲ್ ಸಿಗುವಷ್ಟು ಹತ್ತಿರ ಇದ್ದರೆ ಅದೂ ಉಪಯೋಗಕ್ಕೆ ಬರುತ್ತದೆ.

ಹಂತ 9: ಸೆಟ್ ಕೊಡುವ ಮುನ್ಸೂಚನೆಗಳು

ಮೈಕ್ ಒತ್ತಿದಾಗ ಡಿಸ್‌ಪ್ಲೇ ಮಂಕಾದರೆ ಅಥವಾ ಸೆಟ್ ಆಫ್ ಆಗಿ ಆನ್ ಆದರೆ ಬ್ಯಾಟರಿ, ವಯರು, ಫ್ಯೂಸ್ ಹೋಲ್ಡರ್ ನೋಡಿ. ಫ್ಯೂಸ್ ಹೋಲ್ಡರ್ ಮುಟ್ಟಿದರೆ ಬಿಸಿಯಿದ್ದರೆ ಒಳಗೆ ತುಕ್ಕು ಹಿಡಿದಿದೆ.

ಮಳೆ ಬಂದ ದಿನ ಮಾತ್ರ ಮಾತು ಹೋಗದಿದ್ದರೆ ಹೊರಗಿನ ಪ್ಲಗ್ಗಿಗೆ ನೀರಿಳಿದಿದೆ. ಎಂಜಿನ್ ಏರಿಸಿದಂತೆ ಕೂಂಯ್ ಎನ್ನುವ ಸದ್ದೂ ಏರಿದರೆ ಡೈನಮೋ ಕಡೆಯ ಗದ್ದಲ. ರೇಡಿಯೊ ವಯರನ್ನು ಅದರಿಂದ ದೂರ ಮಾಡಿ, ಬ್ಯಾಟರಿ ಟರ್ಮಿನಲ್ ಉಜ್ಜಿ ಬಿಗಿಯಿರಿ.

ಯಾರೂ ಮಾತಾಡದಿದ್ದರೂ ಟಿಎಕ್ಸ್ ಎಂಬ ಗುರುತು ಉರಿಯುತ್ತಿದ್ದರೆ ಕೂಡಲೇ ಎದ್ದು ನೋಡಿ. ಮೈಕಿನ ಬಟನ್ ಉಪ್ಪು ಹಿಡಿದು ಅಂಟಿಕೊಂಡಿರಬಹುದು, ಅಥವಾ ಮೈಕ್ ಎಲ್ಲೋ ಸಾಮಾನಿನ ಅಡಿಯಲ್ಲಿ ಸಿಕ್ಕಿರಬಹುದು. ಅಷ್ಟು ಹೊತ್ತೂ ನಿಮ್ಮ ಸುತ್ತಲಿನ ಹತ್ತು ಮೈಲಿಯಲ್ಲಿ ಆ ಚಾನೆಲ್ ಯಾರಿಗೂ ಸಿಗುವುದಿಲ್ಲ. ಅದು 16 ಆಗಿದ್ದರೆ ಇನ್ನೊಬ್ಬರ ಕೂಗು ನಿಮ್ಮ ಸೆಟ್ಟಿನ ಕೆಳಗೆ ಹೂತುಹೋಗುತ್ತದೆ.

ಹಂತ 10: ಮೇ ಕೊನೆಗೆ

ಬೋಟ್ ಕಟ್ಟಿದ ಮೇಲೆ ಸೆಟ್ಟನ್ನು ಬಿಚ್ಚಿ ಮನೆಗೆ ಒಯ್ಯಿರಿ. ಸಿಹಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಗಿದ ಜಾಗದಲ್ಲಿಡಿ. ಬೋಟಿನಲ್ಲಿ ಉಳಿದ ಕೇಬಲ್ ತುದಿಗೆ ಪ್ಲಾಸ್ಟಿಕ್ ಸುತ್ತಿ ಟೇಪ್ ಹಾಕಿ, ತುದಿ ಕೆಳಮುಖವಾಗಿ ನೇತಾಡಲಿ. ಫ್ಯೂಸ್ ತೆಗೆದಿಡಿ. ಜುಲೈ ಕೊನೆಯ ವಾರ ಮತ್ತೆ ಜೋಡಿಸಿ, ಗೋಡೆಯ ಮೇಲೆ ಬರೆದಿಟ್ಟ ಎಸ್‌ಡಬ್ಲ್ಯುಆರ್ ಅಂಕಿಯ ಪಕ್ಕ ಹೊಸ ಅಂಕಿ ಬರೆಯಿರಿ. 1.3 ಇದ್ದದ್ದು 1.9 ಆಗಿದ್ದರೆ ಸೆಟ್ ಇನ್ನೂ ಚೆನ್ನಾಗಿಯೇ ಮಾತಾಡುತ್ತಿರುತ್ತದೆ, ಆದರೂ ಆಂಟೆನಾ ಬುಡದ ಪ್ಲಗ್ ಈಗಲೇ ಬಿಚ್ಚಿ ನೋಡಿ.